ಗುಂಡ ಮಲಗಿದ್ದಾನೋ ಇಲ್ಲವೋ

ಸತ್ತ ಗಿಡಕ್ಕೂ ಮಲಗಿದ ಗಿಡಕ್ಕೂ ಇರುವ ವ್ಯತ್ಯಾಸ ನಿಮಗೆ ಗೊತ್ತಿದ್ದರೆ ಇದನ್ನು ಓದುವ ಅಗತ್ಯವೇ ಇಲ್ಲ. ನನಗೆ ಗೊತ್ತಿರಲಿಲ್ಲ. ಕಳೆದ ಚಳಿಗಾಲವನ್ನು ನಾನು ಲಂಡನ್ನಿನ ಹೌನ್ಸ್ಲೋದ ನಮ್ಮ ಫ್ಲ್ಯಾಟಿನಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಒಂದು ಕುಂಡವನ್ನು ನೋಡುತ್ತ ಕಳೆದೆ. ಕುಂಡದಲ್ಲಿ ಒಂದು ಬೋಳು ಗಿಡ. ಕೆಳಗೆ ಸುವರ್ಣಗೆಡ್ಡೆಯಂತೆ ಊದಿಕೊಂಡ ಬೂದು ಬಣ್ಣದ ಹೊಟ್ಟೆ, ಅದರ ಮೇಲೆ ನಾಲ್ಕು ಸೊಟ್ಟ ಕೊಂಬೆ. ಎಲೆ ಒಂದೂ ಇಲ್ಲ. ಮನೆಗೆ ಬಂದವರು ಅದನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ಚಹಾ ಕುಡಿದು ಹೋಗುತ್ತಿದ್ದರು.

ನನ್ನ ಹೆಂಡತಿ ಜಲಜ ಅದನ್ನು ಗುಂಡ ಎಂದು ಕರೆಯುತ್ತಿದ್ದಳು. ಅಂಗಡಿಯವರು ಅಡೆನಿಯಂ ಅನ್ನುತ್ತಾರೆ. ಊರಿನ ನರ್ಸರಿಗಳಲ್ಲಿ ಗುಲಾಬಿ ಬಣ್ಣದ ಹೂ ಬಿಟ್ಟುಕೊಂಡು ಸಾಲಾಗಿ ನಿಂತಿರುವುದನ್ನು ನೀವೂ ನೋಡಿರುತ್ತೀರಿ. ಆದರೆ ನಮ್ಮ ಗುಂಡ ನರ್ಸರಿಯವನಲ್ಲ. ಒಮಾನ್ ದೇಶದ ಕಲ್ಲುಬೆಟ್ಟದವನು. ಅಲ್ಲಿ ಯಾರೂ ನೆಡದೆ, ಯಾರೂ ನೀರು ಹಾಕದೆ, ಬಂಡೆಯ ಬಿರುಕಿನಲ್ಲಿ ತಾನಾಗಿ ಬೆಳೆಯುವ ಕಾಡು ಗಿಡದ ಮಗ.

ಜಲಜ ಅಕ್ಟೋಬರಿನಲ್ಲಿ ತೀರಿಕೊಂಡಳು. ನವೆಂಬರಿನಲ್ಲಿ ಗುಂಡನ ಎಲೆಗಳು ಹಳದಿಯಾಗತೊಡಗಿದವು. ಡಿಸೆಂಬರಿನಲ್ಲಿ ಒಂದೊಂದಾಗಿ ಉದುರಿದವು. ಎರಡಕ್ಕೂ ಏನೋ ಸಂಬಂಧವಿದೆ ಎಂದು ನಾನು ಹೇಳುವುದಿಲ್ಲ. ನಾನು ಅಷ್ಟು ಓದಿದವನೂ ಅಲ್ಲ, ಅಷ್ಟು ನಂಬುವವನೂ ಅಲ್ಲ. ನನ್ನ ತೊಂದರೆ ಬೇರೆ. ಈ ಗಿಡ ಪ್ರತಿ ಚಳಿಗಾಲದಲ್ಲೂ ಎಲೆ ಉದುರಿಸುತ್ತಿತ್ತೋ, ಅಥವಾ ಈ ಸಲ ಮಾತ್ರವೋ? ಅದು ನನಗೆ ನೆನಪಿರಲಿಲ್ಲ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಅದರ ಜೊತೆ ಇದ್ದೇನೆ. ಅದೇ ಕಿಟಕಿ, ಅದೇ ಕುರ್ಚಿ, ಅದೇ ಚಹಾ. ಕಣ್ಣು ಮುಚ್ಚಿ ನೆನೆಸಿಕೊಂಡರೆ ಗುಂಡ ಯಾವಾಗಲೂ ಎಲೆ ತುಂಬಿಕೊಂಡೇ ಕಾಣುತ್ತಾನೆ. ಹೊರಗೆ ಮಂಜು ಬಿದ್ದಿದ್ದಾಗ ಅವನು ಹೇಗಿದ್ದ? ಅಲ್ಲಿ ನನ್ನ ನೆನಪಿನಲ್ಲಿ ಏನೂ ಇಲ್ಲ. ಬಿಳಿ ಗೋಡೆ.

ಕೇಳಿದರೆ ಹೇಳುವವಳು ಒಬ್ಬಳೇ ಇದ್ದಳು.

ನಾನು ಗಿಡದ ಕಡೆ ಯಾಕೆ ಲಕ್ಷ್ಯ ಕೊಟ್ಟಿರಲಿಲ್ಲ ಎಂಬುದಕ್ಕೆ ಒಂದು ಕಾರಣವಿದೆ. ಅದನ್ನು ಹೇಳಿಕೊಳ್ಳಲು ನಾಚಿಕೆಯಾದರೂ ಹೇಳುತ್ತೇನೆ. ನಾನು ಪಾವಗಡದ ಕಡೆಯವನು. ನಮ್ಮ ಕಡೆ ಕಲ್ಲಿಗೆ ಬರವಿಲ್ಲ. ಬೆಳಿಗ್ಗೆ ಎದ್ದರೆ ಬಂಡೆ, ಮಲಗುವಾಗ ಬಂಡೆ, ಬೇಸಿಗೆಯಲ್ಲಿ ಬಂಡೆಯ ಕಾವು ಗೋಡೆ ದಾಟಿ ಹಾಸಿಗೆಗೇ ಬರುತ್ತಿತ್ತು. ನಾನು ಐದನೇ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ವನಮಹೋತ್ಸವ ಎಂದು ಎಲ್ಲರಿಗೂ ಒಂದೊಂದು ಹೊಂಗೆ ಸಸಿ ಕೊಟ್ಟರು. ಯಾರ ಸಸಿ ಚೆನ್ನಾಗಿ ಬೆಳೆಯುತ್ತದೋ ಅವರಿಗೆ ಒಂದು ಜಾಮಿಟ್ರಿ ಬಾಕ್ಸ್ ಎಂದು ಮೇಷ್ಟರು ಹೇಳಿದ್ದರು. ನಾನು ಆ ಬಾಕ್ಸಿಗಾಗಿ ಹಗಲಿರುಳು ಆಸೆಪಟ್ಟೆ. ಕುಡಿಯಲು ತಂದ ನೀರನ್ನು ಹಾಕಿದೆ. ಊಟವಾದ ಮೇಲೆ ಎಲ್ಲ ಹುಡುಗರನ್ನೂ ನನ್ನ ಸಸಿಯ ಮೇಲೆಯೇ ಕೈ ತೊಳೆಯಿರಿ ಎಂದು ಗೋಗರೆದೆ. ಒಂದು ತಿಂಗಳಿಗೆ ಸಸಿ ಕಪ್ಪಗಾಗಿ ಬಾಗಿತು. ಮೇಷ್ಟರು ಅದನ್ನು ಎರಡೇ ಬೆರಳಲ್ಲಿ ಕಿತ್ತು, ಬೇರು ಮೂಸಿ ನೋಡಿ, ಇಡೀ ತರಗತಿಯ ಮುಂದೆ ಹೇಳಿದರು: "ಲೋ, ಇದು ನೀರಿಲ್ದೆ ಸತ್ತಿದ್ದಲ್ಲ ಕಣ್ರೋ. ಮುಳುಗಿ ಸತ್ತಿದ್ದು. ಪಾವಗಡದಲ್ಲಿ ಗಿಡ ಮುಳುಗಿಸಿದೋನು ಇವನೊಬ್ನೇ."

ಮದುವೆಯಾದ ಹೊಸದರಲ್ಲಿ, ಹೆಂಡತಿಯನ್ನು ನಗಿಸಬೇಕೆಂದು ಈ ಕಥೆ ಹೇಳಿದೆ. ಅವಳು ನಕ್ಕಳು. ಆದರೆ ಅದನ್ನು ಮರೆಯಲಿಲ್ಲ. ಅಂದಿನಿಂದ ಯಾವ ಮನೆಗೆ ಹೋದರೂ ಒಂದು ಕಾನೂನು: ಗಿಡಗಳ ಹತ್ತಿರ ನಾನು ಹೋಗಬಾರದು. "ನೀವು ಪೇಪರ್ ಓದಿ ಮಾರಾಯ್ರೆ. ಗಿಡವನ್ನು ನಾನು ನೋಡ್ತೇನೆ," ಅನ್ನುತ್ತಿದ್ದಳು. ನಾನೂ ಪೇಪರ್ ಓದಿದೆ. ಇಪ್ಪತ್ತೇಳು ವರ್ಷ.

ಜಲಜ ಪುತ್ತೂರಿನ ಕಡೆಯವಳು. ಮಳೆಯ ಊರಿನ ಹುಡುಗಿ. ನರ್ಸಿಂಗ್ ಓದಿ ಒಮಾನಿನ ಸಲಾಲಾ ಎಂಬ ಊರಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ನಾನು ಅದೇ ಊರಿನಲ್ಲಿ ಒಂದು ಕಟ್ಟಡ ಕಂಪನಿಯ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಒಂದು ಶುಕ್ರವಾರ, ಮಗಳು ಮೇಘಾಗೆ ಆಗ ನಾಲ್ಕು ವರ್ಷ, ಬಾಡಿಗೆ ಜೀಪಿನಲ್ಲಿ ಬೆಟ್ಟದ ಕಡೆ ಹೋದೆವು. ಲಂಡನ್ನಿನ ಕೆಲಸದ ಕಾಗದ ಜಲಜಳ ಕೈಗೆ ಬಂದಿತ್ತು. ಹೋಗುವ ಮೊದಲು ಎಲ್ಲ ನೋಡಿಬಿಡಬೇಕು ಎಂದು ಅವಳ ಹಟ. ದಾರಿಯುದ್ದಕ್ಕೂ ಸುಣ್ಣದ ಬಣ್ಣದ ಕಲ್ಲು. ಒಂದು ಹುಲ್ಲುಕಡ್ಡಿ ಇಲ್ಲ. ಒಂದು ತಿರುವಿನಲ್ಲಿ ಅವಳು ಕಿರುಚಿದಳು, "ನಿಲ್ಸಿ, ನಿಲ್ಸಿ!"

ಇಳಿಜಾರಿನಲ್ಲಿ ಬಂಡೆಗೆ ಬಂಡೆಯೇ ಹೊಟ್ಟೆ ಬಿಟ್ಟ ಹಾಗೆ ಊದಿದ ಗಿಡಗಳು. ಎಲೆ ಇಲ್ಲ. ಕೊಂಬೆಯ ತುದಿಗೆ ಮಾತ್ರ ಗೊಂಚಲು ಗೊಂಚಲು ಹೂ.

"ನೀವು ಇಳಿಯುದಿಲ್ವಾ?"

"ಕಲ್ಲು ನೋಡೋಕೆ ಇಷ್ಟು ದೂರ ಬರ್ಬೇಕಾಗಿತ್ತಾ? ನಮ್ಮೂರಲ್ಲಿ ಇರ್ಲಿಲ್ವಾ?"

"ಕಲ್ಲಲ್ಲ, ಹೂ! ಒಂದು ಎಲೆ ಇಲ್ಲ ಮಾರಾಯ್ರೆ, ಮೈ ತುಂಬ ಹೂ. ನಮ್ಮೂರಲ್ಲಿ ಇಷ್ಟು ಮಳೆ ಬಂದೂ ಹೀಗೆ ಬಿಡುದಿಲ್ಲ."

ನಾನು ಇಳಿಯಲಿಲ್ಲ. ಮಗಳು ತೊಡೆಯ ಮೇಲೆ ಮಲಗಿದ್ದಳು ಎಂಬುದು ಒಂದು ನೆಪ. ಲಂಡನ್ನಿಗೆ ಹೋಗುವುದು ನನಗೆ ಅಷ್ಟಾಗಿ ಇಷ್ಟವಿರಲಿಲ್ಲ, ಆ ಸಿಟ್ಟನ್ನು ನಾನು ಹೂವಿನ ಮೇಲೆ ತೋರಿಸಿದೆ ಎಂಬುದು ನಿಜ. ಹಾಗಾಗಿ ಅವತ್ತು ನಡೆದದ್ದನ್ನು ನಾನು ಜೀಪಿನ ಕಿಟಕಿಯಿಂದ ನೋಡಿದ್ದೇನೆ, ಕೇಳಿಲ್ಲ. ಮೇಕೆ ಕಾಯುವ ಒಬ್ಬ ಮುದುಕ ಅವಳ ಹತ್ತಿರ ಬಂದ. ಇಬ್ಬರೂ ಒಂದು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತರು. ಅವನು ಗಿಡದ ಹೊಟ್ಟೆಯ ಮೇಲೆ ಹೆಬ್ಬೆರಳು ಇಟ್ಟು ಒತ್ತಿ ತೋರಿಸಿದ. ಜಲಜಳೂ ಒತ್ತಿದಳು. ಇಬ್ಬರೂ ತಲೆ ಆಡಿಸಿದರು. ಆಮೇಲೆ ಅವನು ಮೇಕೆಯ ಕೊಂಬಿನ ಹಾಗಿದ್ದ ಒಣಗಿದ ಒಂದು ಕಾಯಿ ಕೊಟ್ಟ. ಅವಳಿಗೆ ಅರಬ್ಬಿ ಆಸ್ಪತ್ರೆಗೆ ಬೇಕಾದಷ್ಟು ಬರುತ್ತಿತ್ತು; ಎಲ್ಲಿ ನೋವು, ಎಷ್ಟು ದಿನದಿಂದ, ಉಸಿರು ಎಳೆದುಕೋ. ಅಷ್ಟರಲ್ಲೇ ಇಬ್ಬರೂ ಏನು ಮಾತಾಡಿಕೊಂಡರೋ.

"ಏನಂದ ಅವನು?" ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ.

ಆ ಕಾಯಿಯೊಳಗಿನ ಬೀಜಗಳು, ಎರಡೂ ತುದಿಗೆ ರೇಷ್ಮೆಯಂಥ ಕೂದಲಿದ್ದವು, ಫೋಟೋ ರೀಲಿನ ಕಪ್ಪು ಡಬ್ಬಿಯಲ್ಲಿ ಕೂತು ನಮ್ಮ ಜೊತೆ ಲಂಡನ್ನಿಗೆ ಬಂದವು. ಏರ್‌ಪೋರ್ಟಿನಲ್ಲಿ ನಾನು ಬೆವರಿದ್ದೇ ಬೆವರಿದ್ದು. ಯಾರೂ ಏನೂ ಕೇಳಲಿಲ್ಲ. ಆಮೇಲೆ ನಾನು ಅದೇ ಏರ್‌ಪೋರ್ಟಿನ ಸರಕು ಗೋದಾಮಿನಲ್ಲಿ ಕೆಲಸಕ್ಕೆ ಸೇರಿದೆ. ಹೂವಿನ ಪೆಟ್ಟಿಗೆಗಳು ತಪಾಸಣೆಗೆ ಬಂದಾಗಲೆಲ್ಲ ಇವತ್ತಿಗೂ ನಾನು ಬೇರೆ ಸಾಲಿಗೆ ಹೋಗಿ ನಿಲ್ಲುತ್ತೇನೆ.

ಎಂಟು ಬೀಜ ಮೊಳೆತವು. ಏಳು ಒಂದೊಂದಾಗಿ ಹೋದವು. ಉಳಿದವನೇ ಗುಂಡ. ಮೇಘಾ ಸೆಕೆಂಡರಿ ಸ್ಕೂಲಿಗೆ ಸೇರಿದ ವರ್ಷ ಮೊದಲ ಹೂ ಬಿಟ್ಟ. ಜಲಜ ಅವತ್ತು ಪಾಯಸ ಮಾಡಿದಳು. ಪಾಯಸ ನನಗೆ ನೆನಪಿದೆ. ಹೂ ಎಷ್ಟು ದಿನ ಇತ್ತು ಅಂದರೆ ಗೊತ್ತಿಲ್ಲ.

ಒಂದು ಮಾತ್ರ ನೋಡಿದ್ದೆ. ಕೆಲಸಕ್ಕೆ ಹೊರಡುವಾಗ, ಕೋಟಿನ ಗುಂಡಿ ಹಾಕುತ್ತಲೇ, ಅವಳು ಗುಂಡನ ಹೊಟ್ಟೆಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ಹೋಗುತ್ತಿದ್ದಳು. ಮಕ್ಕಳ ಕೆನ್ನೆ ಹಿಂಡುತ್ತಾರಲ್ಲ, ಹಾಗೆ ಮುದ್ದು ಎಂದುಕೊಂಡಿದ್ದೆ.

ಇರಲಿ, ಚಳಿಗಾಲಕ್ಕೆ ಬರುತ್ತೇನೆ. ಎಲೆ ಉದುರಿದಾಗ ನಾನು ಮೊದಲು ಮಾಡಿದ ಕೆಲಸ ಫೋಟೋ ಹುಡುಕಿದ್ದು. ಮೇಘಾಳ ಹುಟ್ಟುಹಬ್ಬ ಜನವರಿಯಲ್ಲಿ. ಪ್ರತಿ ವರ್ಷವೂ ಅದೇ ಕಿಟಕಿಯ ಮುಂದೆ ಮೇಜು ಹಾಕಿ ಕೇಕ್ ಕತ್ತರಿಸುವುದು ನಮ್ಮ ಪದ್ಧತಿ. ಅಂದರೆ ಜನವರಿಯಲ್ಲಿ ಗುಂಡ ಹೇಗಿದ್ದ ಎಂಬುದು ಫೋಟೋದಲ್ಲಿ ಇರಲೇಬೇಕು. ಇಂಥ ಬುದ್ಧಿ ನನಗೆ ಹೊಳೆದದ್ದಕ್ಕೆ ನನಗೇ ಹೆಮ್ಮೆಯಾಯಿತು. ಆಲ್ಬಮ್ ತೆಗೆದೆ, ಹಳೆಯ ಫೋನು ತೆಗೆದೆ, ಹೊಸ ಫೋನು ತೆಗೆದೆ. ಐದು ವರ್ಷದ ಮೇಘಾ, ಹತ್ತು ವರ್ಷದ ಮೇಘಾ, ಹಲ್ಲಿಗೆ ತಂತಿ ಹಾಕಿಸಿಕೊಂಡ ಮೇಘಾ. ಪ್ರತಿಯೊಂದರಲ್ಲೂ ಕುಂಡ ಇರಬೇಕಾದ ಜಾಗಕ್ಕೆ ಸರಿಯಾಗಿ ಒಬ್ಬ ಮನುಷ್ಯ ಅಡ್ಡ ನಿಂತಿದ್ದ. ಕೈ ಕಟ್ಟಿಕೊಂಡು, ಹೊಟ್ಟೆ ಮುಂದೆ ಬಿಟ್ಟುಕೊಂಡು. ನಾನೇ.

ಬರ್ಮಿಂಗ್‌ಹ್ಯಾಮಿನಲ್ಲಿರುವ ಮೇಘಾಗೆ ಫೋನು ಮಾಡಿದೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ; ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಹೊರಟು ದಾರಿಯಲ್ಲಿ ಕನ್ನಡಕ್ಕೆ ತಿರುಗುತ್ತದೆ.

"ಗುಂಡನಿಗೆ ಚಳಿಗಾಲದಲ್ಲಿ ಎಲೆ ಇರ್ತಿತ್ತಾ ಮಗಳೇ?"

"ಐ ಡೋಂಟ್ ನೋ ಅಪ್ಪ. ಅಮ್ಮ ನೋಡ್ಕೊಳ್ತಿದ್ರು ಅಲ್ವಾ. ವೈ?"

"ಸುಮ್ನೆ ಕೇಳ್ದೆ."

"ಈಸ್ ಇಟ್ ಡೆಡ್?"

"ಇಲ್ಲ ಇಲ್ಲ. ಮಲಗಿರ್ಬೇಕು."

"ಫೋಟೋ ಕಳ್ಸಿ."

ಕಳಿಸಲಿಲ್ಲ. ಅವಳು ಇಂಟರ್ನೆಟ್ಟಿನಲ್ಲಿ ನೋಡಿ ಒಂದೇ ನಿಮಿಷದಲ್ಲಿ ಹೇಳಿಬಿಡುತ್ತಿದ್ದಳು. ಅದೇ ನನಗೆ ಭಯ. ಗೊತ್ತಾಗಬೇಕು ಎಂದೂ ಇತ್ತು, ಗೊತ್ತಾಗಬಾರದು ಎಂದೂ ಇತ್ತು. ಈ ಎರಡರ ನಡುವೆ ಒಬ್ಬ ಮನುಷ್ಯ ಮೂರು ತಿಂಗಳು ಆರಾಮಾಗಿ ಕೂತಿರಬಹುದು ಎಂದು ನನಗೆ ಮೊದಲು ತಿಳಿದಿರಲಿಲ್ಲ.

ಆಗ ಬಂದವರು ಸಾವಿತ್ರಕ್ಕ. ಎರಡು ಬೀದಿ ಆಚೆ ಮಗನ ಮನೆಯಲ್ಲಿರುವ ಹುಬ್ಬಳ್ಳಿಯ ಹಿರಿಯರು. ಜಲಜಳಿಗೆ ಬಸ್ಸಿನಲ್ಲಿ ಪರಿಚಯವಾಗಿ ಅಕ್ಕನಾದವರು. ಅವರ ಅಡುಗೆಮನೆಯ ಕಿಟಕಿಯಲ್ಲಿ ಒಂದು ಕರಿಬೇವಿನ ಗಿಡವಿದೆ. ಹೌನ್ಸ್ಲೋದ ಅರ್ಧ ಕನ್ನಡದ ಮನೆಗಳ ಒಗ್ಗರಣೆ ಅದರ ಮೇಲೆ ನಿಂತಿದೆ ಎಂದು ಅವರೇ ಹೇಳುತ್ತಾರೆ.

"ಏನ್ ತಮ್ಮಾ, ಊಟ ಮಾಡಿದ್ಯೋ ಇಲ್ಲೋ? ಮಾರಿ ನೋಡು, ಒಣಗಿದ ಬದನಿಕಾಯಿ ಆಗೇತಿ."

"ಮಾಡಿದೆ ಅಕ್ಕ."

"ಸುಳ್ಳು. ಗ್ಯಾಸಿನ ಕಟ್ಟಿ ಒರಿಸಿ ಇಟ್ಟಂಗ ಐತಿ. ಅಡಗಿ ಮಾಡಿದ ಗಂಡಸಿನ ಕಟ್ಟಿ ಹಿಂಗ ಇರತೈತೇನು?" ಆಮೇಲೆ ಕಿಟಕಿಯ ಕಡೆ ನೋಡಿದರು. "ಅಯ್ಯ, ಜಲಜಾನ ಗಿಡಕ್ಕ ಏನಾತು?"

"ಗೊತ್ತಿಲ್ಲ ಅಕ್ಕ. ಎಲೆ ಉದುರಿದೆ."

"ಥಂಡಿಗೆ ಉದುರ್ಯಾವ. ನನ್ನ ಕರಿಬೇವೂ ಒಂದ್ ವರ್ಷ ಹಿಂಗ ಬೋಳ ಆಗಿ ನಿಂತಿತ್ತು. ಹುಳಿ ಮಜ್ಜಿಗಿ ಹಾಕಿದೆ ನೋಡು, ಹದಿನೈದ್ ದಿನಕ್ಕ ಚಿಗುರು! ತಂದ್ ಕೊಡ್ತೀನಿ ತಡಿ."

ಇದು ಕರಿಬೇವಲ್ಲ ಎಂದು ಹೇಳಲು ನನ್ನ ಬಾಯಿ ತೆರೆಯಿತು. ಆದರೆ ಸಾವಿತ್ರಕ್ಕನ ದನಿಯಲ್ಲಿ ಎಷ್ಟು ಖಾತ್ರಿ ಇತ್ತೆಂದರೆ, ಎಷ್ಟೋ ತಿಂಗಳಿಂದ ನನಗೆ ಅಷ್ಟು ಖಾತ್ರಿಯಿಂದ ಯಾರೂ ಏನನ್ನೂ ಹೇಳಿರಲಿಲ್ಲ. ಡಾಕ್ಟರುಗಳೂ ಸಹ. ನಾನು ಬಾಯಿ ಮುಚ್ಚಿದೆ.

ಪ್ರತಿ ಶನಿವಾರ ಎರಡು ಹಾಲಿನ ಬಾಟಲಿ ಬರತೊಡಗಿದವು. ಹಸಿರು ಮುಚ್ಚಳದ್ದು ನನಗೆ, ಇಂಗು ಜೀರಿಗೆ ಹಾಕಿದ ಹೊಸ ಮಜ್ಜಿಗೆ. ಕೆಂಪು ಮುಚ್ಚಳದ್ದು ಗುಂಡನಿಗೆ, ಮೂರು ದಿನ ಹುಳಿ ಬರಿಸಿದ್ದು. ನನಗೆ ಏನೂ ಇಳಿಯುತ್ತಿರಲಿಲ್ಲ. ಹಸಿರು ಮುಚ್ಚಳದ್ದು ಫ್ರಿಜ್ಜಿನಲ್ಲಿ ಕೂತು ತಾನೂ ಹುಳಿಯಾಗುತ್ತಿತ್ತು. ಚೆಲ್ಲಲು ಮನಸ್ಸಾಗದೆ ಅದನ್ನೂ ಕುಂಡಕ್ಕೇ ಹಾಕಿದೆ. ಹೀಗೆ ನನ್ನ ಪಾಲಿನದ್ದೂ ಗುಂಡನೇ ಕುಡಿದ. ಇಂಗು ಜೀರಿಗೆ ಸಮೇತ.

ನೀವು ನಗುತ್ತಿರಬಹುದು. ನಗಿ. ತಿಂಗಳುಗಟ್ಟಲೆ ಒಂದು ಹನಿ ಮಳೆಯಿಲ್ಲದ ಬೆಟ್ಟದಲ್ಲಿ ಬಂಡೆ ಹಿಡಿದು ಬದುಕುವ ಗಿಡಕ್ಕೆ, ಲಂಡನ್ನಿನ ಜನವರಿಯಲ್ಲಿ, ವಾರಕ್ಕೆ ಎರಡು ಬಾಟಲಿ ಮಜ್ಜಿಗೆ. ಮೇಷ್ಟರು ಇದ್ದಿದ್ದರೆ ಏನನ್ನುತ್ತಿದ್ದರೋ.

ಫೆಬ್ರವರಿಯ ಕೊನೆಗೆ ಮನೆಯಲ್ಲಿ ಒಂದು ವಾಸನೆ ಶುರುವಾಯಿತು. ನಾನು ಕಸದ ಡಬ್ಬಿ ತೊಳೆದೆ. ಸಿಂಕು ತೊಳೆದೆ. ವಾಸನೆ ಎಲ್ಲಿಂದ ಎಂದು ನನಗೆ ಗೊತ್ತಿತ್ತು. ಆದರೂ ತೊಳೆಯದ ಜಾಗವನ್ನೆಲ್ಲ ತೊಳೆದೆ. ಗುಂಡನ ಹತ್ತಿರ ಮಾತ್ರ ಹೋಗಲಿಲ್ಲ.

ಮಾರ್ಚಿನ ಮೊದಲ ಶನಿವಾರ ಮೇಘಾ ಹೇಳದೆ ಬಂದಳು. ಬಾಗಿಲಲ್ಲೇ ಮೂಗು ಹಿಡಿದಳು.

"ಅಪ್ಪ! ವಾಟ್ ಈಸ್ ದಟ್ ಸ್ಮೆಲ್?"

"ಮಜ್ಜಿಗೆ."

"ಮಜ್ಜಿಗೆ ಎಲ್ಲಿ?"

ತೋರಿಸಿದೆ. ಅವಳು ಕುಂಡದ ಮಣ್ಣನ್ನು ಒಮ್ಮೆ ಬಗ್ಗಿ ನೋಡಿ ಹಿಂದೆ ಸರಿದಳು. ಬೈದಿದ್ದರೆ ಚೆನ್ನಾಗಿತ್ತು. ಬಸ್ಸಿಳಿದು ಬರುವಾಗ ಮಳೆಗೆ ನೆನೆದಿದ್ದ ಅವಳ ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಟವೆಲ್ ಎಲ್ಲಿದೆ?" ಎಂದಳು. ನನಗೆ ಅದೂ ಗೊತ್ತಿರಲಿಲ್ಲ. ಅಕ್ಟೋಬರಿನಿಂದ ನಾನು ಬಾಗಿಲ ಹಿಂದೆ ತೂಗುವ ಒಂದೇ ಟವೆಲನ್ನು ಒಗೆದು ಒಗೆದು ಬಳಸುತ್ತಿದ್ದೆ. ಅವಳೇ ಹೋಗಿ ಬಾಯ್ಲರ್ ಇರುವ ಕಪಾಟಿನ ಬಾಗಿಲು ತೆರೆದಳು. ಅಲ್ಲಿ ಬಿಸಿ ನೀರಿನ ಕೊಳವೆಗಳ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಮಡಿಸಿದ ಟವೆಲುಗಳು.

"ಅಪ್ಪ, ಕಮ್ ಹಿಯರ್."

ಟವೆಲುಗಳನ್ನು ಸರಿಸಿದರೆ ಮಾತ್ರ ಕಾಣುವ ಎಡಗಡೆ ಮೂಲೆಯಲ್ಲಿ ಒಂದು ಹಳೆಯ ಹಳದಿ ಟವೆಲ್ ನಾಲ್ಕು ಮಡಿಕೆಯಾಗಿ ಹಾಸಿತ್ತು. ಅದರ ಮೇಲೆ ಕುಂಡದ ತಳದಷ್ಟೇ ಅಗಲದ ಒಂದು ದುಂಡು ಗುರುತು. ಒಂದು ವರ್ಷದ್ದಲ್ಲ. ಗುರುತಿನ ಮೇಲೆ ಗುರುತು, ಮಣ್ಣಿನ ಬಣ್ಣ ನೂಲಿನೊಳಗೇ ಇಳಿದುಹೋಗಿತ್ತು. ಪಕ್ಕದಲ್ಲಿ, ಟವೆಲಿನ ಅಂಚಿಗೆ, ಒಣಗಿದ ಮೂರು ಎಲೆಗಳು.

ನನಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಒಮ್ಮೆಗೇ ಆಯಿತು. ಚಳಿಗಾಲದಲ್ಲಿ ಗುಂಡ ಕಿಟಕಿಯಲ್ಲಿ ಇರುತ್ತಲೇ ಇರಲಿಲ್ಲ. ಎಲೆ ಉದುರಲು ಶುರುವಾದ ಕೂಡಲೇ ಅವನನ್ನು ಇಲ್ಲಿ, ಬೆಚ್ಚಗೆ, ಕತ್ತಲೆಯಲ್ಲಿ ಮಲಗಿಸಿ, ಬೇಸಿಗೆಗೆ ಹೊರಗೆ ತರುತ್ತಿದ್ದಳು. ನನ್ನ ನೆನಪು ಸುಳ್ಳಾಗಿರಲಿಲ್ಲ. ಬೋಳು ಗುಂಡನನ್ನು ನಾನು ಯಾವತ್ತೂ ನೋಡಿಯೇ ಇರಲಿಲ್ಲ. ಫೋಟೋಗಳಲ್ಲಿ ನಾನು ಅಡ್ಡ ನಿಂತದ್ದು ಖಾಲಿ ಜಾಗಕ್ಕೆ. ಇಪ್ಪತ್ತು ಚಳಿಗಾಲ ನನ್ನ ಮೂಗಿನ ಮುಂದಿನಿಂದ ಒಂದು ಕುಂಡ ಕಾಣೆಯಾಗಿ ಮತ್ತೆ ಬಂದಿದೆ. ನಾನು ಪೇಪರ್ ಓದುತ್ತಿದ್ದೆ.

ಇದರಿಂದ ನನಗೆ ಸಮಾಧಾನವಾಗಬೇಕೋ ದುಃಖವಾಗಬೇಕೋ ಇವತ್ತಿಗೂ ಸರಿಯಾಗಿ ತಿಳಿದಿಲ್ಲ. ಮೇಘಾ ಮಾತ್ರ ಅಳುತ್ತಿದ್ದಳು. ಆ ಟವೆಲ್ ಚಿಕ್ಕಂದಿನಲ್ಲಿ ಅವಳದ್ದಂತೆ, ಈಜಲು ಹೋಗುವಾಗ ಒಯ್ಯುತ್ತಿದ್ದದ್ದು.

"ಅಪ್ಪ, ಇಟ್ ಮೈಟ್ ಸ್ಟಿಲ್ ಬಿ ಅಲೈವ್. ಹೊಟ್ಟೆ ಒತ್ತಿ ನೋಡ್ಬೇಕಂತೆ," ಎಂದಳು, ಫೋನಿನಲ್ಲಿ ಓದಿಕೊಂಡು. "ಗಟ್ಟಿ ಇದ್ರೆ ಓಕೆ. ಮೆತ್ತಗಿದ್ರೆ..."

ನಾನು ಕುರ್ಚಿಯಲ್ಲಿ ಕೂತುಬಿಟ್ಟೆ.

ಕೊನೆಯ ತಿಂಗಳಲ್ಲಿ ಜಲಜಳ ಕಾಲು ಬಾತುಕೊಂಡಿತ್ತು. ಹೃದಯ ಸೋತಾಗ ನೀರು ಕಾಲಿಗೆ ಇಳಿಯುತ್ತದೆ ಎಂದು ಅವಳೇ ನನಗೆ ವಿವರಿಸಿದ್ದಳು, ಬೇರೆ ಯಾರದೋ ಕಾಲಿನ ವಿಷಯ ಹೇಳುವ ಹಾಗೆ. ಬೆಳಿಗ್ಗೆ ನರ್ಸು ಬಂದು ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆಯುತ್ತಿದ್ದಳು. ಬೆರಳು ತೆಗೆದರೂ ಅಲ್ಲಿ ಒಂದು ಕುಳಿ ಉಳಿಯುತ್ತಿತ್ತು. ನರ್ಸು ಹೋದ ಮೇಲೆ ಜಲಜ ನನ್ನಿಂದಲೂ ಒತ್ತಿಸುತ್ತಿದ್ದಳು. "ಎಣಿಸಿ ಮಾರಾಯ್ರೆ. ಎಷ್ಟು ಹೊತ್ತಿಗೆ ಮೇಲೆ ಬರ್ತದೆ ನೋಡುವಾ." ನಾನು ಎಣಿಸುತ್ತಿದ್ದೆ. ಮೊದಲ ವಾರ ಹತ್ತು. ಆಮೇಲೆ ಇಪ್ಪತ್ತು. ಕೊನೆಗೆ ಎಣಿಸುತ್ತಲೇ ಇದ್ದೆ, ಅವಳೇ ಸಾಕು ಅಂದಳು.

ಜೀಪಿನ ಕಿಟಕಿಯಾಚೆ ಆ ಮುದುಕ ಏನು ತೋರಿಸಿಕೊಟ್ಟಿದ್ದ ಎಂದು ಆಗ ತಿಳಿಯಿತು. ಕೋಟಿನ ಗುಂಡಿ ಹಾಕುತ್ತ ಅವಳು ಪ್ರತಿದಿನ ಏನು ಮಾಡುತ್ತಿದ್ದಳು ಎಂದೂ. ಅದು ಮುದ್ದಲ್ಲ, ತಪಾಸಣೆ. ಅಥವಾ ಅವಳಿಗೆ ಎರಡೂ ಒಂದೇ ಆಗಿತ್ತೋ ಏನೋ.

"ನಾನು ಒತ್ಲಾ?" ಎಂದಳು ಮೇಘಾ.

"ಬೇಡ. ನಾನೇ."

ಎದ್ದು ಹೋದೆ. ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತೆ. ಮಂಡಿ ಲಟಕ್ ಅಂದಿತು. ಕಿಟಕಿಯ ಕಡೆಯ ಪಕ್ಕದಲ್ಲಿ, ಬುಡದ ಹತ್ತಿರ ಒತ್ತಿದೆ. ಬೆರಳು ಒಳಗೆ ಹೋಯಿತು. ಕಂದು ನೀರು ಒಸರಿತು. ನನ್ನ ಬಾಯಿಂದ, ನಾನು ಬಯಸದೆಯೇ, "ಒಂದು, ಎರಡು" ಎಂದು ಬಂತು. ಮೇಘಾ ನನ್ನ ಭುಜ ಹಿಡಿದಳು. "ಅಪ್ಪ, ಇನ್ನೊಂದ್ ಕಡೆ."

ಕುಂಡ ತಿರುಗಿಸಿ ಕೋಣೆಯ ಕಡೆಯ ಪಕ್ಕದಲ್ಲಿ ಒತ್ತಿದೆ. ಬೆರಳು ಹೋಗಲಿಲ್ಲ. ಇನ್ನೂ ಒತ್ತಿದೆ. ಉಗುರು ಬೆಳ್ಳಗಾಯಿತು. ಪಾವಗಡದ ಬಂಡೆಯ ಹಾಗೆ ನಿಂತಿತ್ತು. ಎಣಿಸಲು ಅಲ್ಲಿ ಏನೂ ಇರಲಿಲ್ಲ.

ಆಮೇಲೆ ನಡೆದದ್ದನ್ನು ಆಪರೇಷನ್ ಅನ್ನಬಹುದು. ಇದರ ಸೊನೆ ವಿಷ, ಹಾಗಾಗಿ ಮೇಘಾ ಪಾತ್ರೆ ತೊಳೆಯುವ ಕೈಗವಸು ಹಾಕಿಕೊಂಡಳು. ಗುಂಡನನ್ನು ಮಜ್ಜಿಗೆಯ ಮಣ್ಣಿನಿಂದ ಎತ್ತಿ, ಕೊಳೆತದ್ದನ್ನೆಲ್ಲ ಬಿಳಿ ತಿರುಳು ಕಾಣುವ ತನಕ ಚಾಕುವಿನಿಂದ ಕೆತ್ತಿದೆವು. ಹೊಟ್ಟೆಯ ಮೂರರಲ್ಲಿ ಒಂದು ಪಾಲು ಹೋಯಿತು. ಗಾಯಕ್ಕೆ ಚಕ್ಕೆ ಪುಡಿ ಹಚ್ಚಬೇಕು ಎಂದು ಅವಳ ಫೋನು. ಅರಿಸಿನ ಹಚ್ಚಬೇಕು ಎಂದು ನಾನು. ಕೊನೆಗೆ ಎರಡನ್ನೂ ಹಚ್ಚಿದೆವು. ಮನೆಯಲ್ಲಿ ಪಲಾವಿನ ವಾಸನೆ ಬಂದು, ಮೇಘಾ "ಐ ಆಮ್ ಸೋ ಹಂಗ್ರಿ" ಎಂದಳು, ನನಗೂ ಹಸಿವಾಗಿದೆ ಎಂದು ಗೊತ್ತಾಯಿತು. ಅನ್ನ ಸಾರು ಮಾಡಿ ತಿಂದೆವು. ಗುಂಡನನ್ನು ಒಣ ಮರಳು, ಕಲ್ಲುಚೂರಿನಲ್ಲಿ ಕೂರಿಸಿ ಬಾಯ್ಲರ್ ಕಪಾಟಿನ ಹಳದಿ ಟವೆಲ್ ಮೇಲೆ ಇಟ್ಟಾಗ, ಕುಂಡ ಗುರುತಿನ ಮೇಲೆ ಕೂದಲೆಳೆಯೂ ತಪ್ಪದೆ ಕೂತಿತು.

ಆಮೇಲೆ ಮಾಡಬೇಕಾದದ್ದು ಏನೂ ಇರಲಿಲ್ಲ. ಏನೂ ಮಾಡದಿರುವುದು ಎಷ್ಟು ಕಷ್ಟ ಎಂದು ನಿಮಗೆ ಹೇಗೆ ಹೇಳಲಿ? ಸ್ನಾನಕ್ಕೆ ಟವೆಲ್ ತೆಗೆಯುವಾಗ ಒಮ್ಮೆ ಒತ್ತಿ ನೋಡುತ್ತಿದ್ದೆ. ಗಟ್ಟಿ. ಬಾಗಿಲು ಹಾಕುತ್ತಿದ್ದೆ. ಅಷ್ಟೇ.

ಮೇ ತಿಂಗಳಲ್ಲಿ ಬಿಸಿಲು ಚೆನ್ನಾಗಿ ಬೀಳತೊಡಗಿದ ಮೇಲೆ ಕುಂಡವನ್ನು ಕಿಟಕಿಗೆ ತಂದೆ. ಬೀದಿಯಿಂದ ಅದನ್ನು ಕಂಡು, ಆ ಶನಿವಾರ ಸಾವಿತ್ರಕ್ಕ ಎರಡು ಬಾಟಲಿ ಹಿಡಿದು ಬಂದರು. ಬೇಸಿಗೆ ಬರಲಿ ಎಂದಷ್ಟೇ ಹೇಳಿ ನಾನು ಮಾರ್ಚಿನಲ್ಲಿ ಅವರ ಮಜ್ಜಿಗೆ ನಿಲ್ಲಿಸಿದ್ದೆ, ನಿಜವಾದ ಕಾರಣ ಹೇಳಿರಲಿಲ್ಲ.

"ಎಲ್ಲಿಟ್ಟಿದ್ದಿ ತಮ್ಮಾ ಇಷ್ಟ್ ದಿನಾ? ಕಿಟಕಿ ಖಾಲಿ ನೋಡಿ ಹೊರಗ ಒಗದಿ ಅಂತ ಮಾಡಿದ್ದೆ."

"ಬಾಯ್ಲರ್ ಹತ್ರ ಇಟ್ಟಿದ್ದೆ ಅಕ್ಕ. ಚಳಿಗಾಲದಲ್ಲಿ ಜಲಜ ಅಲ್ಲೇ ಇಡ್ತಿದ್ಲಂತೆ."

"ಅಂತೆ ಅಂದ್ರ? ನಿನಗ ಗೊತ್ತಿದ್ದಿಲ್ಲ?"

"ಇಲ್ಲ."

"ಇರಲಿ ಬಿಡು. ನಮ್ಮನಿಯವರಿಗೆ ಉಪ್ಪಿನ ಡಬ್ಬಿ ಎಲ್ಲಿರತೈತಿ ಅಂತ ಕಡೀತನಕಾ ಗೊತ್ತಾಗಲಿಲ್ಲ," ಎಂದು ಕೆಂಪು ಮುಚ್ಚಳ ತಿರುಗಿಸಿದರು.

ನಾನು ಕುಂಡದ ಮೇಲೆ ಅಂಗೈ ಅಡ್ಡ ಹಿಡಿದೆ.

"ಬ್ಯಾಡಾ?"

"ಬೇಡ ಅಕ್ಕ."

"ಮತ್ತೇನ್ ಹಾಕ್ತಿ?"

"ಏನೂ ಹಾಕಲ್ಲ."

ಆಗ ಅವರ ಕಣ್ಣು ಕೆತ್ತಿದ ಜಾಗಕ್ಕೆ, ಒಣಗಿದ ಅರಿಸಿನಕ್ಕೆ ಬಿತ್ತು. ಬಾಟಲಿಯ ಕಡೆ ನೋಡಿದರು. "ನನ್ನ ಮಜ್ಜಿಗಿಯಿಂದ ಆತೇನು ಇದು?" ಎಂದರು ಸಣ್ಣ ದನಿಯಲ್ಲಿ. ಅವರು ಮುಚ್ಚಳ ಮತ್ತೆ ಬಿಗಿದರು. ಸೀದಾ ಅಡುಗೆಮನೆಗೆ ಹೋಗಿ ಲೋಟ ತಂದು ಹಸಿರು ಮುಚ್ಚಳದ ಬಾಟಲಿಯಿಂದ ಸುರಿದರು.

"ಹಂಗಾರ ನೀ ಕುಡಿ. ಯಾರರ ಒಬ್ಬರು ಕುಡೀಬೇಕಲ್ಲ."

ಕುಡಿದೆ. ಇಂಗು ಸ್ವಲ್ಪ ಜಾಸ್ತಿಯಾಗಿತ್ತು. ಎರಡನೇ ಲೋಟವನ್ನೂ ಕುಡಿದೆ. ಅಷ್ಟರಲ್ಲಿ ಸಾವಿತ್ರಕ್ಕ ಕನ್ನಡಕ ಏರಿಸಿ ಗುಂಡನ ಮೇಲೆ ಬಗ್ಗಿದ್ದರು.

"ತಮ್ಮಾ, ಇಲ್ಲಿ ಏನೋ ಕೆಂಪ್ ಚುಕ್ಕಿ ಐತಲ್ಲೋ."

ಹೋಗಿ ನೋಡಿದೆ. ಸೊಟ್ಟ ಕೊಂಬೆಯ ತುದಿಯಲ್ಲಿ ಸಾಸಿವೆಯಷ್ಟು ಒಂದು ಕೆಂಪು. ಬೆಳಿಗ್ಗೆ ಇತ್ತೋ ಇಲ್ಲವೋ ನೆನಪಿಲ್ಲ. ಎಲೆ ಎಂದು ಅವರು. ಹೂ ಎಂದು ನಾನು. ಬೆಟ್ಟದ ಮೇಲೆ ಎಲೆಗಿಂತ ಮೊದಲು ಹೂ ಬಿಡುವುದನ್ನು ನಾನು ನೋಡಿದ್ದೇನಲ್ಲ, ಜೀಪಿನಿಂದಲಾದರೂ. ಇಬ್ಬರೂ ಒಪ್ಪಲಿಲ್ಲ. ಇವತ್ತಿಗೂ ಅದು ಯಾವುದೆಂದು ತೀರ್ಮಾನವಾಗಿಲ್ಲ.

"ಮಗಳಿಗೆ ಫೋಟೋ ಕಳಸು. ಕೊಡಿಲ್ಲೆ, ನಾನ ತೆಗೀತೀನಿ. ಗಿಡದ ಜೋಡಿ ನಿಂದ್ರು," ಎಂದು ಸಾವಿತ್ರಕ್ಕ ನನ್ನ ಫೋನು ತೆಗೆದುಕೊಂಡರು.

ನಾನು ಅಭ್ಯಾಸದಂತೆ ಕೈ ಕಟ್ಟಿಕೊಂಡು ಕಿಟಕಿಯ ಮುಂದೆ ನಿಂತೆ. ಆಮೇಲೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದೆ.